ವಿಮಾನದ ಮೂತಿಗೊಂದು ಬೊಟ್ಟು

ಅರಸೀಕೆರೆಯ ಡ್ರಾಯಿಂಗ್ ಮೇಷ್ಟ್ರು ಲಕ್ಷ್ಮೀಶನಿಗೆ ಬದುಕಿನಲ್ಲಿ ಇಬ್ಬರ ಭಯ. ಒಬ್ಬರು ಹೆಂಡತಿ ಲತಾಮಣಿ. (ಅದು ಮದುವೆಯಾದವರಿಗೆಲ್ಲ ಇರುವುದೇ, ವಿಶೇಷವೇನಲ್ಲ.) ಇನ್ನೊಬ್ಬರು ಮಾದಿಹಳ್ಳಿಯ ಸಿದ್ದಬಸಪ್ಪನವರು. ನೌಕಾಪಡೆಯ ಹಡಗಿನ ಮೇಲೆ ಯುದ್ಧವಿಮಾನ ರಿಪೇರಿ ಮಾಡಿ ನಿವೃತ್ತರಾದ ಈ ದಪ್ಪ ಮೀಸೆಯವರ ಹತ್ತಿರ ವಿಲಾಯಿತಿಯಲ್ಲಿ ಅಚ್ಚಾದ ನಾಲ್ಕು ಪುಸ್ತಕಗಳಿದ್ದವು. ಹಳೆಯ ನೌಕಾ ವಿಮಾನಗಳ ಮಾದರಿ ಮಾಡುವವರಿಗೆಂದೇ ಬರೆದಂಥವು. ಮೂತಿ, ಬಾಲ, ಹೊಟ್ಟೆ, ಗಾಲಿ, ಯಾವ ಬಣ್ಣ ಎಲ್ಲಿಗೆ, ಎಲ್ಲ ಅಳತೆ ಸಮೇತ. ಮಗಳಿಗೆ ಗಂಡು ಹುಡುಕುವವರೂ ಅಷ್ಟು ವಿಚಾರಿಸಿರುವುದಿಲ್ಲ.

ರಟ್ಟಿನಲ್ಲಿ ವಿಮಾನ ಮಾಡುವ ಹುಚ್ಚಿದ್ದ ಲಕ್ಷ್ಮೀಶ ಆರು ತಿಂಗಳು ಗೋಗರೆದು, ಸೀ ಹಾಕ್ ಎಂಬ ವಿಮಾನದ ಪುಸ್ತಕವನ್ನು ಎರವಲು ತಂದಿದ್ದ. ಕೊಡುವ ಮುಂಚೆ ಸಿದ್ದಬಸಪ್ಪನವರು ಎರಡು ಸಲ ಸೋಪು ಹಾಕಿಸಿ ಅವನ ಕೈ ತೊಳೆಸಿದ್ದರು.

"ಮೇಷ್ಟ್ರೇ, ಹೆಂಗೆ ತಗಂಡ್ ಹೋಗ್ತೀರೋ ಹಂಗೇ ವಾಪಸ್ ಬರ್ಬೇಕು. ಒಂದು ಕಲೆ ಬಿತ್ತು ಅಂದ್ರೆ ಉಳಿದ ಮೂರನ್ನ ಕನಸಲ್ಲಿ ನೋಡ್ಕಳಿ."

ಅಂದಿನಿಂದ ಆ ಪುಸ್ತಕ ಅವನ ಮದುವೆ ಪಂಚೆಯೊಳಗೆ ಸುತ್ತಿಕೊಂಡು ಬೀರುವಿನ ಮೇಲೆ ವಾಸವಾಗಿತ್ತು. ಸ್ನಾನ ಮಾಡದೆ ಮುಟ್ಟುತ್ತಿರಲಿಲ್ಲ. ಕೊಳೆಯಾದೀತೆಂಬ ಹೆದರಿಕೆಯಲ್ಲಿ ಮೂವತ್ತನೇ ಪುಟದಿಂದಾಚೆ ತಿರುಗಿಸಿಯೂ ಇರಲಿಲ್ಲ. ಮೂರು ತಿಂಗಳಲ್ಲಿ ಮೊಳದುದ್ದ ರೆಕ್ಕೆ ಚಾಚಿದ ಭವ್ಯ ಸೀ ಹಾಕ್ ಸಿದ್ಧವಾಯಿತು.

ತೊಂಬತ್ತೆಂಟರ ದಸರಾ ಬಂತು. ಬೇಲೂರಿನ ಅಕ್ಕನ ಮನೆಗೆ ಹೋಗಿದ್ದ ಲಕ್ಷ್ಮೀಶ ಎರಡು ದಿನ ಬಿಟ್ಟು ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಗೊಂಬೆ ಕೂರಿಸಿದ ಮೆಟ್ಟಿಲುಗಳ ಮೇಲೆ, ಶೆಟ್ಟಿ ಗೊಂಬೆಯ ಪಕ್ಕ ಅವನ ವಿಮಾನ. ಎರಡೂ ರೆಕ್ಕೆ ಅರ್ಧಕ್ಕೆ ಕತ್ತರಿಸಿ ಮೇಲಕ್ಕೆ ಮಡಚಲಾಗಿತ್ತು.

"ಏನೇ ಇದು?"

"ರೆಕ್ಕೆ ಹೋಗಿ ಶೆಟ್ಟಿ ಮೂಗಿಗೆ ಬಡೀತಿತ್ತು ಕಣ್ರೀ. ಈಳಿಗೆ ಮಣೇಲಿ ಕುಯ್ದು, ಹೇರ್‌ಪಿನ್ ಚುಚ್ಚಿ ಎತ್ತಿ ನಿಲ್ಲಿಸಿದೀನಿ. ಜಾಗ ಆಯ್ತು ನೋಡಿ."

ಅಳೋಣವೆಂದುಕೊಳ್ಳುವಷ್ಟರಲ್ಲಿ ಕಣ್ಣು ಕೆಳಗೆ ಹೋಯಿತು. ಸರಸ್ವತಿ ಪೂಜೆಗೆ ಪೇರಿಸಿದ ಪುಸ್ತಕಗಳ ತುತ್ತತುದಿಯಲ್ಲಿ ಸಿದ್ದಬಸಪ್ಪನವರ ಪುಸ್ತಕ. ಹೊದಿಕೆಯ ಮೇಲಿನ ವಿಮಾನದ ಮೂತಿಗೆ ಸರಿಯಾಗಿ ಅರಿಶಿನ, ಅದರ ಮೇಲೆ ದುಂಡನೆಯ ಕುಂಕುಮದ ಬೊಟ್ಟು.

"ಅಯ್ಯೋ, ಅದನ್ನ ಯಾಕೆ ಇಟ್ಟೆ?"

"ಪುಸ್ತಕ ಅಲ್ವಾ? ಪಂಚೇಲಿ ಸುತ್ತಿ ಬಚ್ಚಿಟ್ರೆ ಸರಸ್ವತಿಗೆ ಗೊತ್ತಾಗಲ್ವಾ? ಇನ್ನು ವಿಜಯದಶಮಿವರೆಗೂ ಮುಟ್ಟಂಗಿಲ್ಲ. ಅಂದಹಾಗೆ, ನಿಮಗೊಂದು ಕಾರ್ಡ್ ಬಂದಿದೆ."

ಕಾರ್ಡಿನಲ್ಲಿ ಎರಡೇ ಸಾಲು: 'ಆಯುಧಪೂಜೆ ದಿನ ಹತ್ತು ಗಂಟೆ ಬಸ್ಸಿಗೆ ಬರುತ್ತೇನೆ. ಪುಸ್ತಕ, ವಿಮಾನ ಎರಡನ್ನೂ ನೋಡುವುದಿದೆ.'

ಅಂದಿನಿಂದ ಲಕ್ಷ್ಮೀಶನಿಗೆ ಬೀದಿಯಲ್ಲಿ ಯಾರು ಕೆಮ್ಮಿದರೂ ಸಿದ್ದಬಸಪ್ಪನವರೇ ಕೆಮ್ಮಿದಂತಾಗುತ್ತಿತ್ತು.

ಆಯುಧಪೂಜೆಯ ಬೆಳಗ್ಗೆ ಲತಾಮಣಿ ಸ್ಕೂಟರಿಗೆ ಪೂಜೆ ಮಾಡಲು ಅಂಗಳಕ್ಕೆ ಹೋದಳು. ಲಕ್ಷ್ಮೀಶ "ತಾಯಿ, ಕ್ಷಮಿಸು" ಎಂದು ಟವೆಲ್ಲಿನ ತುದಿ ಒದ್ದೆ ಮಾಡಿಕೊಂಡು ಬೊಟ್ಟು ಒರೆಸಿದ. ಬೊಟ್ಟು ಹೋಗಲಿಲ್ಲ, ಹರಡಿತು. ಮೂತಿಯಿಂದ ರೆಕ್ಕೆಗೆ, ರೆಕ್ಕೆಯಿಂದ ಆಕಾಶಕ್ಕೆ. ಹತ್ತನೇ ಸಲ ಉಜ್ಜುವಷ್ಟರಲ್ಲಿ ವಿಮಾನಕ್ಕೆ ಬೆಂಕಿ ಬಿದ್ದ ಹಾಗಿತ್ತು. ಅದರ ಮೇಲೊಂದು ದೊಡ್ಡ ದಾಸವಾಳ ಇಟ್ಟ.

"ಮೇಷ್ಟ್ರು ಮನೇಲವ್ರಾ?"

ಸಿದ್ದಬಸಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಲತಾಮಣಿಯೂ ಹಿಂದೆಯೇ ಬಂದಳು. ಅವರು ಕನ್ನಡಕ ಹಾಕಿಕೊಂಡು ಗೊಂಬೆಗಳ ನಡುವಿನ ವಿಮಾನವನ್ನು ಬಹಳ ಹೊತ್ತು ನೋಡಿದರು.

"ಈ ರೆಕ್ಕೆ ಮಡಚಿದ್ದು ಯಾರು?"

"ಅವಳೇ ಸಾರ್. ನಾನು ಊರಲ್ಲೇ ಇರ್ಲಿಲ್ಲ," ಎಂದು ಲಕ್ಷ್ಮೀಶ ಕೈಹಿಡಿದವಳನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ.

"ಸರಿಯಾಗೈತೆ. ಹಡಗಲ್ಲಿ ಜಾಗ ಸಾಲ್ದೆ ನಾವೂ ಹಿಂಗೇ ಮಡಚಿ ನಿಲ್ಲಿಸ್ತಿದ್ವಿ. ನಲವತ್ತನೇ ಪುಟದಲ್ಲಿ ಫೋಟೋನೇ ಐತಲ್ಲ ಮೇಷ್ಟ್ರೇ, ನೋಡ್ಲಿಲ್ವಾ?"

ಲಕ್ಷ್ಮೀಶ ಮಾತು ಬದಲಿಸಿದ. "ಪುಸ್ತಕಕ್ಕೆ ಕುಂಕುಮ ಇಟ್ಟಿದ್ದೂ ಅವಳೇ ಸಾರ್."

"ಅದಕ್ಕೇನಂತೆ? ಈ ದಿನ ಹಡಗಲ್ಲಿ ನಾವೂ ವಿಮಾನದ ಮೂತಿಗೆ ಕುಂಕುಮ ಇಡ್ತಿದ್ವಿ. ನಮ್ಮವ್ವ ಮನೆಯಿಂದ ಕಟ್ಟಿ ಕೊಡ್ತಿದ್ಲು." ಮುದುಕರ ದನಿ ಒದ್ದೆಯಾಯಿತು. "ಎಲ್ಲಿ, ನೋಡಾನ." ಅವರು ಕೈಮುಗಿದು ದಾಸವಾಳ ಎತ್ತಿದರು.

ಹೊದಿಕೆಯ ಮೇಲೆ ವಿಮಾನ ಧಗಧಗ ಉರಿಯುತ್ತಿತ್ತು.

"ನಾನು ಇಟ್ಟಿದ್ದು ಒಂದೇ ಬೊಟ್ಟು," ಎಂದಳು ಲತಾಮಣಿ.

ಇಬ್ಬರೂ ಲಕ್ಷ್ಮೀಶನ ಕಡೆ ತಿರುಗಿದರು. ಅವನು ಕೈಗಳನ್ನು ಬೆನ್ನ ಹಿಂದೆ ಒಯ್ದ. ತಡವಾಗಿತ್ತು. ಬೆರಳುಗಳು ಬುಡದ ತನಕ ಕೆಂಪಾಗಿದ್ದವು.

ಸಿದ್ದಬಸಪ್ಪನವರು ನಿಟ್ಟುಸಿರು ಬಿಟ್ಟು ಚೀಲದಿಂದ ಎರಡನೇ ಪುಸ್ತಕ ತೆಗೆದರು. ಆಸೆ ನೋಡಿ, ಲಕ್ಷ್ಮೀಶನ ಕೆಂಪು ಕೈ ತಾನಾಗಿ ಮುಂದೆ ಚಾಚಿತು. ಪುಸ್ತಕ ಅದನ್ನು ದಾಟಿಕೊಂಡು ಲತಾಮಣಿಯ ಕೈ ಸೇರಿತು.

"ತಗಳವ್ವ. ಇದು ನಿನ್ನ ಜವಾಬ್ದಾರಿ. ಆವಯ್ಯನ ಕೈಗೆ ಕೊಡಬ್ಯಾಡ."

ಲತಾಮಣಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಪೂಜೆಯ ಪುಸ್ತಕಗಳ ಮೇಲಿಟ್ಟಳು. ಅದರ ಹೊದಿಕೆಯ ಮೇಲಿನ ವಿಮಾನದ ಮೂತಿಗೆ ಒಂದು ಬೊಟ್ಟು ಇಟ್ಟು ಗಂಡನ ಕಡೆ ನೋಡಿದಳು.

"ನಾಳೆ ಪೂಜೆ ಆದ್ಮೇಲೆ ಪುಟ ನಾನು ತಿರುಗಿಸ್ತೀನಿ, ನೀವು ದೂರದಿಂದ ನೋಡಿ. ಈಗ ಹೋಗಿ ಕೈ ತೊಳ್ಕೊಳ್ಳಿ. ಎರಡು ಸಲ."