ಕಾಕಾ ಹತ್ತಿ ನಿಂತ ಶಿಗಡಿ

ನಮ್ಮ ಕಾಕಾ ಎಷ್ಟು ಭಾರ ಇದ್ದಾರೆಂಬುದು ಡಾಕ್ಟರಿಗಿಂತ ಬೆಳಗಾವಿಯ ಅಂಗಡಿಕಾರರಿಗೆ ಚೆನ್ನಾಗಿ ಗೊತ್ತು! ಅವರು ಏನೇ ಕೊಳ್ಳಲಿ, ಮೊದಲು ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಸ್ಟೂಲು, ಟ್ರಂಕು ಸರಿ. ಒಮ್ಮೆ ಪ್ರೆಶರ್ ಕುಕ್ಕರ್ ಮೇಲೂ ನಿಂತಿದ್ದರು. "ನನ್ನ ತಡೀಲಾರದ್ದು ಸಂಸಾರ ಏನ್ ತಡೀತೈತಿ?" ಇದು ಅವರ ತರ್ಕ. ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ? 

ಹೊಸ ಸಹಸ್ರಮಾನ ಬಂತೆಂದು ಊರೆಲ್ಲ ಪಟಾಕಿ ಸುಟ್ಟ ಆ ವರ್ಷ ಕಾಕಾ ಖಾಸಬಾಗದ ಹಿತ್ತಲಿನ ಮನೆ ಬಿಟ್ಟು ಹಿಂದವಾಡಿಯ ಎರಡನೇ ಮಹಡಿಗೆ ಬಂದರು. ಗ್ಯಾಸ್ ಬಂತು, ಮಿಕ್ಸರ್ ಬಂತು. ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಅವರ ಹಸಿವು ಮಾತ್ರ ಸಾಮಾನಿನ ಜೊತೆ ಟೆಂಪೋ ಹತ್ತಲಿಲ್ಲ. ಅರ್ಧ ರೊಟ್ಟಿಗೇ ತಾಟು ಸರಿಸುತ್ತಿದ್ದರು. ಕೈಬಳೆ ಮೊಣಕೈತನಕ ಜಾರುವಷ್ಟು ಸೊರಗಿದರು. ಡಾಕ್ಟರು ಬರೆದ ಟಾನಿಕ್ಕೂ ಸೋತಿತು.

"ಗ್ಯಾಸಿನ ಮ್ಯಾಲ ಸುಟ್ಟ ಬದನಿಕಾಯಿಗೆ ಹೊಗಿ ವಾಸನಿನ ಇಲ್ಲ. ಹ್ಯಾಂಗ ಉಣ್ಣಲಿ?" ಎಂದರು ಕಾಕು ಒಂದು ದಿನ.

ಅಷ್ಟೇ! ಮಾಳಿಗೆಯ ಮೇಲಿಟ್ಟು ಇದ್ದಿಲಿನಲ್ಲಿ ಸುಡಲು ಒಂದು ಶಿಗಡಿ, ಅಂದರೆ ಕಬ್ಬಿಣದ ಒಲೆ, ಬೇಕೆಂದು ಕಾಕಾ ಹೊರಟೇಬಿಟ್ಟರು. ಬೆಳಗಾವಿಯ ಮಳೆಗೆ ಹೆದರದಂಥದ್ದು. ಜೊತೆಗೆ ನಾನು. ನಮ್ಮ ಮನೆತನದಲ್ಲಿ ನಾನಿಲ್ಲದೆ ಯಾರೂ ಸೂಜಿಯನ್ನೂ ಕೊಳ್ಳುವುದಿಲ್ಲ. ನೀವೂ ಕೇಳಿಟ್ಟುಕೊಳ್ಳಿ: ಶಿಗಡಿಯ ಬಣ್ಣಕ್ಕೆ ಮರುಳಾಗಬೇಡಿ, ಕಾಲು ನೋಡಿ. ತಗಡು ಬಡಿದು ನೋಡಿ. ಬೇಕೆನಿಸಿದ್ದನ್ನು ಬಿಟ್ಟು ಬೇಡವಾದದ್ದನ್ನೇ ಹೊಗಳಿ. ಇಷ್ಟೆಲ್ಲ ವಿದ್ಯೆ ಪ್ರಯೋಗಿಸಿ ಖಾಸಬಾಗದ ಅಂಗಡಿಯಲ್ಲಿ ನಾನು ರೇಟು ಅರ್ಧಕ್ಕೆ ಇಳಿಸುವಷ್ಟರಲ್ಲಿ, ಕಾಕಾ ಶಿಗಡಿಯ ಮೇಲೆ ಏರಿದ್ದರು. ಅದರ ನಾಲ್ಕು ಕಾಲೂ ಎಮ್ಮೆ ಮಲಗಿದ ಹಾಗೆ ನಾಲ್ಕು ದಿಕ್ಕಿಗೆ ಚಾಚಿಕೊಂಡವು!

"ಯಜಮಾನ್ರ, ಇದರ ಮ್ಯಾಲ ಬದನಿಕಾಯಿ ಇಡೂದ್ರಿ!" ಅಂಗಡಿಕಾರ ಕೂಗಿದ.

"ಬದನಿಕಾಯಿಗೇನು, ಹೂವಿನ ಮ್ಯಾಲ ಇಟ್ರೂ ಕುಂದರತೈತಿ. ಕುಂಬಳಕಾಯಿ ಸುಡೂದಾದ್ರ?"

ಕುಂಬಳಕಾಯಿಯನ್ನು ಯಾರು ಸುಡುತ್ತಾರೆಂದು ಯೋಚಿಸುತ್ತ ಅಂಗಡಿಕಾರ ಬಾಯಿ ತೆರೆದು ನಿಂತಾಗಲೇ ನಾವು ಪಾರಾದೆವು.

ಮುಂದಿನ ಅಂಗಡಿಯಲ್ಲಿ ಮುಚ್ಚಳವಿದ್ದ, ಗಾಲಿಯಿದ್ದ, ಥಳಥಳಿಸುವ ಫಾರಿನ್ ಮಾದರಿ. "ಮುಚ್ಚಳ ಯಾಕ್ರಿ, ಬೆಂಕಿಗೇನು ಥಂಡಿ ಆಗತೈತೇನು?" ಎನ್ನುತ್ತ ಕಾಕಾ ಏರಿದರು. ಗಾಲಿ ಇದ್ದವಲ್ಲ? ಕಾಕಾ ನಿಂತ ಭಂಗಿಯಲ್ಲೇ, ಮೆರವಣಿಗೆ ಹೊರಟವರಂತೆ, ಅಂಗಡಿಯಿಂದ ಹೊರಗೆ ಬಂದರು!

ಊರಲ್ಲಿ ಗಟ್ಟಿ ಶಿಗಡಿ ಉಳಿದಿಲ್ಲವೆಂದು ತೀರ್ಮಾನಿಸಿ ಖಾನಾಪುರಕ್ಕೆ, ಕಾಕುವಿನ ತವರಿಗೆ ಹೋದೆವು. ಅವರಣ್ಣ ಅಂಗಳದ ಒಲೆ ತೋರಿಸಿದರು. ಮೂರು ಕಲ್ಲು, ಅಷ್ಟೇ. ಕಾಕಾ ಹತ್ತಿದರು. ಕಲ್ಲು ಮಿಸುಕಲಿಲ್ಲ. ಕಾಕಾರ ಮುಖ ಅರಳಿತು.

"ಭಾವೋಜಿ, ಇಳೀರಿ," ಎಂದು ಅವರು ನಕ್ಕರು. "ಬದನಿಕಾಯಿ ಸುಟ್ವಿ ಅಂದ್ರ ಓಣಿ ಮಂದೆಲ್ಲಾ ಇದರ ಸುತ್ತ ಕುಂದರತಿದ್ರು. ನಿಮ್ಮಾಕಿ ಗದ್ದಲ ಮಾಡಕೋತ ನಾಕ ರೊಟ್ಟಿ ಹೊಡೀತಿದ್ಲು!"

ಕಾಕಾ ಬಸ್ಸಿನಲ್ಲಿ ಬೆಳಗಾವಿಯತನಕ ಕಿಟಕಿಯಾಚೆಯ ಅಂಗಳಗಳನ್ನೇ ನೋಡುತ್ತ ಬಂದರು. ಕಲ್ಲು ಸಿಗಲಿಲ್ಲವೆಂಬ ದುಃಖ ಎಂದುಕೊಂಡೆ.

ಕಡೆಗೆ ಉದ್ಯಮಬಾಗದಲ್ಲಿ ಫೌಂಡ್ರಿ ಇಟ್ಟಿದ್ದ ನನ್ನ ಪರಿಚಯದವರಿಂದ ಬೀಡುಕಬ್ಬಿಣದ ಶಿಗಡಿ ಎರಕ ಹೊಯ್ಯಿಸಿದೆವು. ಕಾಕಾ ಹತ್ತಿದರು. ಸಾಲದೆಂದು ನನ್ನನ್ನೂ ಹತ್ತಿಸಿದರು. ಫೌಂಡ್ರಿ ಮಾಲೀಕರೂ ಹುಮ್ಮಸ್ಸಿನಲ್ಲಿ ಹತ್ತಿದರು! ಮೂವರೂ ಹೆಗಲ ಮೇಲೆ ಕೈ ಹಾಕಿ, ಫೋಟೋಕ್ಕೆ ನಿಂತವರಂತೆ ನಿಂತೆವು. ಶಿಗಡಿ ಕಮಕ್ ಕಿಮಕ್ ಎನ್ನಲಿಲ್ಲ.

ಅದರ ಮೇಲೆ ಎಷ್ಟು ಜನ ನಿಲ್ಲಬಹುದೆಂದು ನೋಡಿದೆವು. ಅದನ್ನು ಎಷ್ಟು ಜನ ಎತ್ತಬೇಕೆಂದು ಯಾರೂ ನೋಡಲಿಲ್ಲ!

ಫೌಂಡ್ರಿಯಲ್ಲಿ ಚೈನ್ ಪುಲ್ಲಿ ಇತ್ತು, ಟೆಂಪೋಕ್ಕೆ ಏರಿತು. ಹಿಂದವಾಡಿಯಲ್ಲಿ ಪುಲ್ಲಿ ಎಲ್ಲಿಯದು? ಹಲಗೆ ಆನಿಸಿ ಗೇಟಿನೊಳಗೆ ಜಾರಿಸಿದ ಟೆಂಪೋದವ, "ಮನಿ ಬಾಗಿಲಕ್ಕ ಮುಟ್ಟಸ್ಬೇಕು ಅಂತ ಜಗ್ಗಾಡಿ ಬಾಡಿಗಿ ಇಳಿಸಿದವ್ರು ನೀವ. ಬಾಗಿಲಾ ಬಂತ್ರಿ!" ಎಂದು ಹೊರಟೇಹೋದ. ಭಾರದ ಸಾಮಾನು ತರಿಸುವವರೇ, ನನ್ನ ಮಾತು ಬರೆದಿಟ್ಟುಕೊಳ್ಳಿ: ಬಾಗಿಲು ಎನ್ನಬೇಡಿ, ಮಹಡಿ ಎನ್ನಿ!

ಶಿಗಡಿ ಮೆಟ್ಟಿಲುಗಳ ಬುಡದಲ್ಲೇ ಉಳಿಯಿತು. ನನಗಿದು ಮರ್ಯಾದೆಯ ಪ್ರಶ್ನೆ. ಎರಡು ವಾರ ಹುಡುಕಿ, ಚೌಕಾಸಿ ಮಾಡಿ, ಕಟ್ಟುಮಸ್ತಾದ ನಾಲ್ವರು ಹಮಾಲರನ್ನು ಕರೆದುಕೊಂಡು ಒಂದು ಸಂಜೆ ಹೋದೆ. ನಮ್ಮನ್ನು ಕಂಡದ್ದೇ ತಡ, ಕಾಕಾ ಚಪ್ಪಲಿ ಬಿಟ್ಟು ಶಿಗಡಿಯ ಮೇಲೆ ಹತ್ತಿ ನಿಂತರು.

"ಇಳೀರಿ ಕಾಕಾ. ಮಾಳಿಗಿ ಮ್ಯಾಲ ಒಯ್ಯೂಣು."

"ಒಯ್ಯೂದ ಬ್ಯಾಡ."

"ಕಾಕು ಉಣಬೇಕಲ್ರಿ, ಅದಕ್ಕ ಇಷ್ಟೆಲ್ಲಾ ಮಾಡಿದ್ದು!"

ಕಾಕಾ ಬಗ್ಗಿ, ಹಮಾಲರಿಗೆ ಕೇಳದಂತೆ ಹೇಳಿದರು: "ಮ್ಯಾಲ ಒಯ್ದ್ರ ಆಕಿ ಮತ್ತ ಒಬ್ಬಾಕಿನ ಆಗತಾಳ, ತಮ್ಮಾ."

ಆಗ ನೋಡಿದೆ. ಕೆಳಗಿನ ಮನೆಯಾಕೆ ಗೋವಿನಜೋಳದ ತೆನೆ ಹಿಡಿದು ನಿಂತಿದ್ದರು, ಬಾಜೂ ಮನೆಯಾಕೆ ಗೆಣಸು. ಮೊದಲ ಮಹಡಿಯಿಂದ ಹಪ್ಪಳದ ಡಬ್ಬಿ ಇಳಿಯುತ್ತಿತ್ತು. ಶಿಗಡಿಯ ಸುತ್ತ ಚಾಪೆ ಹಾಸಿತ್ತು.

ಅಷ್ಟರಲ್ಲಿ ಬುಟ್ಟಿ ತುಂಬ ಬದನೆಕಾಯಿ, ಬಗಲಲ್ಲಿ ರೊಟ್ಟಿಯ ಗಂಟು ಹಿಡಿದು ಕಾಕು ದಡದಡ ಇಳಿದು ಬಂದರು. ನಾಲ್ವರು ಹಮಾಲರಿಗೆ ಜಗ್ಗದ ಕಾಕಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಇಳೀರಿ ಅತ್ತಾಗ! ಬೆಂಕಿ ಹಾಕಬೇಕು. ನನಗ ಹಸಿವ್ಯಾಗೇತಿ."

ಕಾಕಾ ತಟ್ಟನೆ ಇಳಿದರು.