ಪಾರ್ಕರ್ ದೊರೆಯನ್ನು ಕೊಂದವರು

ರಾಜ್ಯೋತ್ಸವದ ವೇದಿಕೆಯಲ್ಲಿ, ಇತಿಹಾಸ ಪಾಠ ಮಾಡುವ ಶಶಿಕುಮಾರ್ ಮೇಷ್ಟ್ರು ಐದು ನಿಮಿಷ ಮಾತಾಡಿ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆರನೆಯ ನಿಮಿಷದಲ್ಲಿ ಅವರು, "ಇತಿಹಾಸ ಅಂದರೆ ಕಟ್ಟೆ ಪುರಾಣ ಅಲ್ಲ, ಒರೆಗೆ ಹಚ್ಚಿ ನೋಡಬೇಕು" ಎಂದುಬಿಟ್ಟರು. ಪಕ್ಕದಲ್ಲಿದ್ದ ತಹಶೀಲ್ದಾರರು ಆಕಳಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ಅವರ ಮುಖ ನೋಡಿದರು. ವಾರದೊಳಗೆ ಮೇಷ್ಟ್ರ ಕೈಗೆ ಒಂದು ಕಡತ ಬಂತು.

ಎಂಬತ್ತು ವರ್ಷದ ಹಿಂದೆ ಅಂತರಸಂತೆ ಕಡೆಯ ಕಾಡಿನಲ್ಲಿ ಪಾರ್ಕರ್ ಎಂಬ ಬಿಳಿ ಅರಣ್ಯಾಧಿಕಾರಿಯ ಕೊಲೆಯಾಗಿತ್ತು. ಕಳ್ಳಬೇಟೆಯವರ ಕೆಲಸವೆಂದು ಎಷ್ಟು ಹುಡುಕಿದರೂ ಕೊಂದವರು ಸಿಕ್ಕಿರಲಿಲ್ಲ. ಈಗ ಕಲ್ಲಟ್ಟಿಯ ಅಂಕಯ್ಯ ಎಂಬ ತೊಂಬತ್ತೇಳರ ಮುದುಕ "ಕೊಂದೋನು ನಾನೇ" ಎಂದು ಬಾಯಿಬಿಟ್ಟಿದ್ದ. ಊರಿನವರು ತಡಮಾಡಲಿಲ್ಲ. ಅಂಕಯ್ಯನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಸಾರಬೇಕು, ಹೋರಾಟಗಾರನ ಊರಿಗೆ ಟಾರು ರಸ್ತೆಯೂ ಬಸ್ಸೂ ಬರಬೇಕು ಎಂದು ಅರ್ಜಿ ಹಾಕಿದರು. ಆ ಮಾತು ನಂಬುವಂಥದೋ ಅಲ್ಲವೋ ಎಂದು ಮೇಷ್ಟ್ರು ಭಾನುವಾರ ವಿಚಾರಿಸಿ ಸೋಮವಾರ ವರದಿ ಕೊಡಬೇಕಿತ್ತು.

ಮೇಷ್ಟ್ರಿಗೆ ಇದು ಸುಲಭದ ಕೆಲಸವೆನಿಸಿತು. ಕಡತದಲ್ಲಿ ಇಂಗ್ಲಿಷಿನ ಮರಣೋತ್ತರ ಪರೀಕ್ಷೆಯ ವರದಿಯೊಂದಿತ್ತು: ದೊರೆ ಸತ್ತದ್ದು ಎಡಪಕ್ಕೆಗೆ ಹೊಕ್ಕ ಬಂದೂಕಿನ ಗುಂಡಿನಿಂದ. ಮುದುಕ ಬಂದೂಕು ಅಂದರೆ ನಂಬುವುದು, ಬೇರೇನಾದರೂ ಅಂದರೆ ಬಿಡುವುದು. ಹತ್ತು ನಿಮಿಷದ ಕೆಲಸ; ಮಧ್ಯಾಹ್ನದ ಊಟಕ್ಕೆ ಮನೆ.

ಬಸ್ಸು ಇಳಿದು ಮೂರು ಕಿಲೋಮೀಟರ್ ಮಣ್ಣುದಾರಿ ನಡೆದು ಕಲ್ಲಟ್ಟಿ ಮುಟ್ಟಿದರೆ, ಊರಬಾಗಿಲಲ್ಲೇ ತಮಟೆ. ಪಂಚಾಯಿತಿ ಅಧ್ಯಕ್ಷ ವೀರಭದ್ರಸ್ವಾಮಿ ಸೇವಂತಿಗೆ ಹಾರವನ್ನು ಮೇಷ್ಟ್ರ ಕೊರಳಿಗೆ ಹಾಕಿಯೇಬಿಟ್ಟ.

"ನಾನಿನ್ನೂ ಏನೂ ವಿಚಾರಿಸಿಲ್ಲವಲ್ಲ ಅಧ್ಯಕ್ಷರೇ!"

"ನೀವು ವಿಚಾರ್ಸೋಗಂಟ ಊವು ಬಾಡೋಯ್ತವೆ, ಬುಡಿ ಸಾ. ನಿಮ್ಮ ಉಪಕಾರ ನಾವು ಮರ್ಯಾಕಿಲ್ಲ."

ಆಮೇಲೆ ಉಪಕಾರಸ್ಮರಣೆಯ ಸುರಿಮಳೆ. ಒಬ್ಬರು ಎಳನೀರು ಕೊಟ್ಟರು, ಇನ್ನೊಬ್ಬರು ಮಜ್ಜಿಗೆ. ಅಂಕಯ್ಯನ ಸೊಸೆ ಸುನಂದಮ್ಮ ನಾಟಿಕೋಳಿ ಸಾರಿನ ಜೊತೆ ಎರಡು ಮುದ್ದೆ ಬಡಿಸಿ, ಮೂರನೆಯದನ್ನು ಕೈಯಲ್ಲಿ ಹಿಡಿದೇ ನಿಂತಳು. "ಓದ್ವರ್ಸ ನನ್ ಮಗಳ್ನ ಎರ್ಗೆಗೆ ಎತ್ತಿನ ಗಾಡೀಲಿ ಸಾಗಿಸ್ದೋ ಸಾ. ಅರ್ಧ ದಾರೀಲೇ ಮಗಾ ಉಟ್ತು. ಬಸ್ಸು ಬಂದ್ರೆ ನಿಮ್ಮ ಎಸ್ರೇಳಿ ದೀಪ ಅಚ್ತೀನಿ" ಎಂದಳು. ಮೇಷ್ಟ್ರ ಹೊಟ್ಟೆ ತುಂಬಿದ ಗೋಣಿಚೀಲದಂತೆ ಬಿಗಿಯಿತು. ಇಷ್ಟು ಉಂಡಮೇಲೆ ಇಲ್ಲ ಅನ್ನುವುದು ಹೇಗೆ?

ಅಂಕಯ್ಯ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ಊರೆಲ್ಲ ಸುತ್ತ ನೆರೆಯಿತು.

"ತಾತ, ದೊರೆಯನ್ನು ಹೇಗೆ ಕೊಂದಿರಿ?" ಎಂದು ಮೇಷ್ಟ್ರು ಕೇಳಿದರು. ಒಳಗೊಳಗೇ 'ಬಂದೂಕು ಅನ್ನಪ್ಪಾ' ಎಂದು ಬೇಡಿಕೊಳ್ಳುತ್ತಿದ್ದರು.

"ಕವಣೆ ಕಲ್ಲಲ್ಲಿ ಸಾಮಿ" ಎಂದ ಅಂಕಯ್ಯ. "ಕಾಡಲ್ಲಿ ಸೌದೆ ಮುರುದ್ರು ಅಂತ ಆ ದೊರೆ ನಮ್ಮಪ್ಪನ್ನ ಮರಕ್ಕೆ ಕಟ್ಸಿ ಚಾಟೀಲಿ ಒಡುದ್ನಾ. ನಂಗಾಗ ಅದ್ನೇಳು ವರ್ಸ. ಸಂಜೆ ಪೊದೆ ಇಂದೆ ಕುಂತು ಅವ್ನ ತಲೆಗೆ ಕವಣೆ ಬೀಸ್ದೆ. ಕುದ್ರೆ ಮ್ಯಾಲಿಂದ ದೊಪ್ಪಂತ ಬಿದ್ದ. ಓಡೋದೆ. ಬೆಳಗ್ಗೆ ಎದ್ರೆ, ದೊರೆ ಸತ್ತೋದ ಅಂದ್ರು."

ಮೇಷ್ಟ್ರ ಮುಖ ಇಳಿದದ್ದು ಎಲ್ಲರಿಗೂ ಕಂಡಿತು. ಅಂಗನವಾಡಿ ಟೀಚರ್ ರಮ್ಯ ಅವರ ಹೆಗಲ ಮೇಲಿಂದ ಬಗ್ಗಿ ಕಡತ ಓದಿ, "ಅಯ್ಯೋ, ಇದ್ರಲ್ಲಿ ಬಂದೂಕಿನ ಗುಂಡು ಅಂತ ಐತೆ!" ಎಂದು ಕೂಗಿದಳು.

ವೀರಭದ್ರಸ್ವಾಮಿಗೆ ಯೋಚಿಸಲು ಒಂದು ಕ್ಷಣ ಸಾಕಾಯಿತು. "ತಾತ, ವಯಸ್ಸಾಯ್ತು, ಮರ್ತಿದ್ದೀಯ. ಕವಣೆ ಅಲ್ಲ, ಬಂದೂಕ ಕಣ! ಲೇ ಚೆಲುವರಾಜು, ತತ್ತಾರ್ಲಾ!"

ಗುಂಪಿನಲ್ಲಿದ್ದ ಚೆಲುವರಾಜು ಮನೆಗೆ ಓಡಿ, ಕೋತಿ ಓಡಿಸಲು ಹೋದ ವರ್ಷ ಹುಣಸೂರಿನಲ್ಲಿ ಕೊಂಡ ಏರ್‌ಗನ್ ತಂದು ಮೇಷ್ಟ್ರ ತೊಡೆಯ ಮೇಲಿಟ್ಟ. "ಇದೇ ಸಾ. ತಾತನ ಕಾಲದ್ದು."

"ಇದರ ಮೇಲೆ ಬೆಲೆ ಚೀಟಿ ಇದೆಯಲ್ಲಪ್ಪ!"

ಚೆಲುವರಾಜು ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದ. ಆದರೆ ಅಂಕಯ್ಯ ಅದಾವುದನ್ನೂ ನೋಡುತ್ತಿರಲಿಲ್ಲ. ಅವನ ಬಾಯಿ ಅರ್ಧ ತೆರೆದಿತ್ತು.

"ಗುಂಡಾ?" ಎಂದ. "ನಾನು ಬಂದೂಕ ಮುಟ್ಟೇ ಇಲ್ವಲ್ಲ ಸಾಮಿ. ಅಂಗಾರೆ... ದೊರೆ ನನ್ ಕಲ್ಲಿಗೆ ಸಾಯ್ನಿಲ್ವಾ?"

ಅಧ್ಯಕ್ಷ ಕಣ್ಣಲ್ಲೇ ಗದರಿಸುತ್ತಿದ್ದ. ಸುನಂದಮ್ಮ ಸೆರಗಿನ ಅಂಚು ಕಚ್ಚಿ ನಿಂತಿದ್ದಳು. ಮೇಷ್ಟ್ರಿಗೆ ಬಸ್ಸೂ ಕಂಡಿತು, ಎತ್ತಿನ ಗಾಡಿಯೂ ಕಂಡಿತು. ಎದುರಿಗೆ ಮುದುಕನ ಮುಖವಿತ್ತು.

"ಇಲ್ಲ ತಾತ. ತಲೆಗೆ ಏಟಿನ ಗುರುತೇ ಇಲ್ಲ ಅಂತ ಡಾಕ್ಟರು ಬರೆದಿದ್ದಾರೆ. ಕಲ್ಲು ಟೋಪಿಗೆ ತಾಗಿ ದೊರೆ ಬೆಚ್ಚಿ ಬಿದ್ದಿರಬೇಕು. ನೀವು ಯಾರನ್ನೂ ಕೊಂದಿಲ್ಲ."

ಅಂಕಯ್ಯ ಎರಡೂ ಕೈ ಮುಗಿದ. ಕಣ್ಣೀರು ಗಡ್ಡದೊಳಗೆ ಇಳಿಯಿತು. "ಎಂಬತ್ ವರ್ಸ ಸಾಮಿ. ಉಣ್ಣಾಕೆ ಕುಂತ್ರೆ ಅವ್ನ ಮೊಕ, ಮಲಗುದ್ರೆ ಅವ್ನ ಮೊಕ. ಕಾಗೆಗೂ ಒಂದ್ ಕಲ್ಲೊಡೀನಿಲ್ಲ ನಾನು. ಸಾಯಾಕ್ ಮುಂಚೆ ಒಪ್ಕಂಡ್ಬುಡ್ಮಾ ಅಂತ ಏಳ್ದೆ, ಇವ್ರು ಊವಿನ ಆರ ತಂದ್ರು. ನೀವು ನನ್ ಪಾಪ ಇಳುಸಿದ್ರಿ."

ಸುನಂದಮ್ಮ ಸೆರಗು ಬಿಟ್ಟು ಮಾವನ ಕಣ್ಣೊರೆಸಿದಳು. "ಓಗ್ಲಿ ಬುಡಿ ಸಾ. ಬಸ್ಸು ಇನ್ಯಾವಾಗಾರಾ ಬತ್ತದೆ. ಇನ್ನಾರಾ ಇವ್ರು ನೆಮ್ಮದ್ಯಾಗಿ ಉಣ್ಣಲಿ" ಎಂದಳು. ಅಧ್ಯಕ್ಷನೂ ಮೂಗೆಳೆದುಕೊಂಡ. ತಮ್ಮ ಇಪ್ಪತ್ತು ವರ್ಷದ ಪಾಠದಲ್ಲಿ ಇತಿಹಾಸ ಯಾರಿಗಾದರೂ ಇಷ್ಟು ಉಪಯೋಗವಾದದ್ದು ಮೇಷ್ಟ್ರಿಗೆ ನೆನಪಿರಲಿಲ್ಲ.

"ಯಾರ್ ಮಗನಪ್ಪ ನೀನು? ನಿಮ್ಮನೆತನ ತಣ್ಣಗಿರ್ಲಿ" ಎಂದು ಅಂಕಯ್ಯ ತಲೆ ಮುಟ್ಟಿ ಹರಸಿದ.

"ನಮ್ಮದು ರಾವಂದೂರು ತಾತ. ನಮ್ಮ ತಾತ ಸಿದ್ದಯ್ಯ ಅಂತ."

ಅಂಕಯ್ಯನ ಕೈ ತಲೆಯ ಮೇಲೆಯೇ ನಿಂತಿತು. "ಯಾವ ಸಿದ್ದಯ್ಯ? ದೊರೆ ಬಂದೂಕ ಒತ್ಕಂಡ್ ತಿರುಗ್ತಿದ್ದ ಗಾರ್ಡು ಸಿದ್ದಯ್ಯನಾ? ಎಡಗೈಗೆ ಆರು ಬೆಟ್ಟು?"

ಮೇಷ್ಟ್ರು ತಮಗೇ ತಿಳಿಯದಂತೆ ಎಡಗೈಯನ್ನು ಜೇಬಿಗೆ ಇಳಿಸಿದರು. ಆರನೆಯ ಬೆರಳು ಜೇಬಿನ ಅಂಚಿಗೆ ಸಿಕ್ಕಿಕೊಂಡಿತು.

"ನಮ್ಮಪ್ಪನ್ನ ಒಡೀವಾಗ ಅವ್ನೂ ಅಲ್ಲೇ ನಿಂತು ಅಳ್ತಿದ್ದ ಸಾಮಿ" ಎಂದ ಅಂಕಯ್ಯ. "ನಾನ್ ಕಲ್ಲೊಡ್ದು ಓಡೋವಾಗ ಇಂದ್ಗಡೆ ಢಂ ಅಂತು. ಆನೆ ಬೆದರ್ಸಾಕೆ ಯಾರೋ ಪಟಾಕಿ ಒಡುದ್ರು ಅನ್ಕಂಡಿದ್ದೆ. ಆ ಸಂಜೆ ಅಲ್ಲಿದ್ದುದ್ದೇ ಅವ್ನ ಕೈಲಿದ್ದ ಬಂದೂಕ!"

"ಸಾಧ್ಯವೇ ಇಲ್ಲ. ನಮ್ಮ ತಾತ ಇರುವೆ ತುಳಿಯುತ್ತಿರಲಿಲ್ಲ. ಬೇಕಾದರೆ ಅಪ್ಪನನ್ನೇ ಕೇಳಿ" ಎಂದು ಮೇಷ್ಟ್ರು ರಾವಂದೂರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. "ಅಪ್ಪಾ, ತಾತ ಯಾವತ್ತಾದ್ರೂ ಪಾರ್ಕರ್ ದೊರೆ ವಿಷ್ಯ ಹೇಳಿದ್ರಾ?"

ಆ ಕಡೆಯಿಂದ ಪಿಸುದನಿ ಬಂತು: "ಮೆಲ್ಲಗ್ ಮಾತಾಡ್ಲಾ! ಗುಂಡೊಡ್ದಿದ್ದು ನಾನೇ ಅಂತ ಸಾಯೋವಾಗ ನಂಗೊಬ್ಬಂಗೇ ಹೇಳಿದ್ರು. ನಿಂಗ್ಯಾರ್ ಹೇಳಿದ್ರು?"

ತಮಟೆ ಮೊದಲಿಗಿಂತ ಜೋರಾಗಿ ಮೊಳಗಿತು. ಕಾಡು ನಮ್ಮದು, ಕೊಲೆ ನಮ್ಮೂರ ಪಕ್ಕದಲ್ಲೇ ಆಗಿದ್ದು, ಬಸ್ಸು ಕೈತಪ್ಪಿ ಹೋಗಿಲ್ಲ ಎಂದು ಕೂಗುತ್ತ ವೀರಭದ್ರಸ್ವಾಮಿ ತಹಶೀಲ್ದಾರರಿಗೆ ಫೋನು ಮಾಡಿದ. ಅವರು ಎಲ್ಲ ಕೇಳಿ, ಮೇಷ್ಟ್ರಿಗೆ ಕೊಡಿ ಎಂದರು.

"ಏನ್ರೀ ಶಶಿಕುಮಾರ್, ನಿಮ್ಮ ತಾತನ ಮೇಲೆ ನೀವೇ ವರದಿ ಬರೆಯೋಕಾಗುತ್ತಾ? ಮುಂದಿನ ಭಾನುವಾರ ಬೇರೆ ಮೇಷ್ಟ್ರನ್ನ ಕಳಿಸ್ತೀನಿ. ಅವತ್ತು ನಿಮ್ಮ ತಂದೇನ ಕರ್ಕೊಂಡು ಅಲ್ಲಿಗೆ ಬನ್ನಿ, ಈ ಸಲ ವಿಚಾರಣೆ ಆಗೋದು ನಿಮ್ಮದೇ."

ಹೊರಡುವಾಗ ಅಂಕಯ್ಯ ಕೋಲೂರಿಕೊಂಡು ಬಂದು ಮೇಷ್ಟ್ರನ್ನು ಪಕ್ಕಕ್ಕೆ ಕರೆದ. "ನಿಮ್ಮ ಋಣ ದೊಡ್ದು ಸಾಮಿ. ಬರೋ ಭಾನ್ವಾರ ನೀವು ಎಂಗ್ ಅಂದ್ರೆ ಅಂಗೆ. ಢಂ ಅಂದಿದ್ದು ಕೇಳ್ದೆ ಅನ್ಲಾ, ಕೇಳ್ನಿಲ್ಲ ಅನ್ಲಾ?"

ಮೇಷ್ಟ್ರು ಮುದುಕನ ಕಾಲು ಮುಟ್ಟಿ ನಮಸ್ಕರಿಸಿ ಮಣ್ಣುದಾರಿ ಹಿಡಿದರು. ಅಪ್ಪನ ಕರೆಗೆ ಫೋನು ಜೇಬಿನಲ್ಲಿ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.