ಕುತ್ತಿಗೆ ಹಿಸುಕುವ ಕಸುಬು

ವಸ್ತುಗಳಿಗೆ ಮನುಷ್ಯರ ಅಂಗಾಂಗಗಳ ಹೆಸರಿಡುವ ಅಭ್ಯಾಸವನ್ನು ಯಾರು ಶುರು ಮಾಡಿದರೋ, ಅವರು ನನ್ನ ಕೈಗೆ ಸಿಕ್ಕರೆ ಎರಡು ಮಾತು ಕೇಳುವುದಿದೆ. ಸೂಜಿಗೆ ಕಣ್ಣು, ಗರಗಸಕ್ಕೆ ಹಲ್ಲು, ಬಾವಿಗೆ ಬಾಯಿ, ಮಂಚಕ್ಕೆ ಕಾಲು. ಇಷ್ಟರಿಂದ ಇಲ್ಲಿಯವರೆಗೆ ಯಾರಿಗೂ ತೊಂದರೆಯಾದದ್ದಿಲ್ಲ. ಮಂಚದ ಕಾಲು ಮುರಿಯಿತು ಎಂದರೆ ಯಾರೂ ಪಟ್ಟಿ ಕಟ್ಟುವವರನ್ನು ಕರೆದುಕೊಂಡು ಬರುವುದಿಲ್ಲ. ಆದರೆ ನನ್ನ ಕಸುಬಿನ ವಸ್ತುವಿಗೆ ಒಂದಲ್ಲ, ಎಲ್ಲವೂ ಇವೆ. ತಲೆ, ಮೈ, ಭುಜ, ಕುತ್ತಿಗೆ, ಬಾಯಿ. ಅದರ ಕುತ್ತಿಗೆಯನ್ನು ಸರಿಯಾಗಿ ಹಿಸುಕಿದ್ದಾರೆಯೇ ಇಲ್ಲವೇ ಎಂದು ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹೀಗೆಂದು ಹೇಳಿಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಆಗುತ್ತದೆಯೇ, ನೀವೇ ಹೇಳಿ.

ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಪೊಲೀಸರಿಗೆ ಫೋನು ಮಾಡೀರಿ. ನಾನು ಪೀಣ್ಯದ ಒಂದು ಸಣ್ಣ ಟೂಲ್‌ರೂಮಿನಲ್ಲಿ ಅಳತೆ ನೋಡುವವಳು. ಹೊರದೇಶದಲ್ಲಿ ಒಂದು ಬಗೆಯ ಜನರಿದ್ದಾರೆ. ರೈಫಲನ್ನು ಮೇಜಿನ ಮೇಲೆ ಮರಳುಚೀಲದ ಆಸರೆಯಲ್ಲಿ ಮಲಗಿಸಿ, ತಾವು ಸ್ಟೂಲಿನಲ್ಲಿ ಕೂತು, ದೂರದಲ್ಲಿ ನೇತುಹಾಕಿದ ಕಾಗದಕ್ಕೆ ಗುಂಡು ಹೊಡೆಯುತ್ತಾರೆ. ಹೊಡೆದ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹಾದುಹೋಗಬೇಕು, ಅದೇ ಪಂದ್ಯ. ಅಂಗಡಿಯ ಕಾಡತೂಸು ಇವರಿಗೆ ಒಗ್ಗುವುದಿಲ್ಲ. ಅಂಗಡಿಯ ಸಾರಿನ ಪುಡಿ ಮುಟ್ಟದ ನಮ್ಮತ್ತೆಯ ಹಾಗೆ, ಎಲ್ಲವನ್ನೂ ತಾವೇ ತೂಗಿ ತೂಗಿ ಮನೆಯಲ್ಲಿ ತುಂಬಿಕೊಳ್ಳುತ್ತಾರೆ. ಹಾರಿಸಿದ ಕಾಡತೂಸಿನ ಹಿತ್ತಾಳೆ ಕೊಳವೆಯನ್ನು ಬಿಸಾಡದೆ, ತೊಳೆದು ಒರೆಸಿ ಮತ್ತೆ ಬಳಸುತ್ತಾರೆ. ಆ ಖಾಲಿ ಕೊಳವೆಗೆ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ‘ಕೇಸು’ ಎನ್ನುತ್ತೇವೆ. ಗುಂಡು ಹಾರಿದಾಗ ಕೇಸು ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿಗೆ ತುರುಕಿ ಒತ್ತಿದರೆ ಕುತ್ತಿಗೆ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಆ ಅಚ್ಚು ಮಾಡುವವರು ನಾವು. ಮದ್ದು, ಗುಂಡು ಎಲ್ಲ ಅವರವರ ಮನೆಯಲ್ಲಿ, ನಮಗೆ ಬರುವುದು ನಮೂನೆಗೆಂದು ಕಳಿಸಿದ ಖಾಲಿ ಕೇಸು ಮಾತ್ರ. ಕೂದಲೆಳೆಯನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಮತ್ತೆ ಸೀಳಿದರೆ ಎಷ್ಟಾಗುತ್ತದೋ ಅಷ್ಟು ಓರೆ ಬಂದರೂ ನಾನು ರಿಜೆಕ್ಟ್ ಎನ್ನುತ್ತೇನೆ. “ಕಾಗದಕ್ಕೆ ಒಂದೇ ತೂತು ಬೇಕು ಅಂದ್ರೆ ಆಫೀಸಿನ ಪಂಚಿಂಗ್ ಮಷೀನು ಕಳಿಸ್ಕೊಡಿ, ಪಾಪ ಯಾಕೆ ಅಷ್ಟು ಕಷ್ಟಪಡ್ತಾರೆ?” ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಅವರು ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡುವವರು. ಅವರ ಕಸುಬಿನಲ್ಲಿ ಅರ್ಧ ಇಂಚಿಗೆ ಮರ್ಯಾದೆಯೇ ಇಲ್ಲ.

ನನ್ನ ಚಾಳಿ ಮನೆಯಲ್ಲೂ ಬಿಡುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಚಪಾತಿ ಒಂದು ಕಡೆ ದಪ್ಪವಾದರೆ ನನಗೆ ಊಟ ಸೇರುವುದಿಲ್ಲ. ಒಮ್ಮೆ ತೀರಿಕೊಂಡವರ ಮನೆಗೆ ಮಾತಾಡಿಸಲು ಹೋಗಿದ್ದಾಗ, ಗೋಡೆಯ ಮೇಲಿದ್ದ ಹಿರಿಯರ ಫೋಟೋ ಎಡಕ್ಕೆ ವಾಲಿತ್ತು. ಐದು ನಿಮಿಷ ತಡೆದುಕೊಂಡೆ. ಆಮೇಲೆ ತಡೆಯಲಾರದೆ ಎದ್ದು ಹೋಗಿ ನೆಟ್ಟಗೆ ಮಾಡಿದೆ. ನಾನು ದುಃಖ ತಾಳಲಾರದೆ ಫೋಟೋ ಮುಟ್ಟುತ್ತಿದ್ದೇನೆಂದು ತಿಳಿದು ಮನೆಯವರೆಲ್ಲ ಮತ್ತೊಮ್ಮೆ ಅತ್ತರು. ಯಜಮಾನರು ಈಗ ಸಾವಿನ ಮನೆಗೆ ಒಬ್ಬರೇ ಹೋಗಿಬರುತ್ತಾರೆ.

ನಾವಿರುವುದು ಬಾಗಲಗುಂಟೆಯಲ್ಲಿ, ಗೌರಮ್ಮನವರ ಮನೆಯ ಮಹಡಿಯಲ್ಲಿ. ಗೌರಮ್ಮನವರದು ಮೂಲದಿಂದ ಇಲ್ಲಿಯದೇ ಒಕ್ಕಲು ಮನೆತನ. ಅವರ ಮಾವ ರಾಗಿ ಬಿತ್ತುತ್ತಿದ್ದಲ್ಲಿ ಈಗ ಇವರ ಬಾಡಿಗೆ ಮನೆಗಳು ಎದ್ದಿವೆ. ಒಳ್ಳೆಯ ಹೆಂಗಸು, ಆದರೆ ಅವರು ಹೇಳಿದ್ದೇ ಆಗಬೇಕು. ಅವರ ಮನೆ ಎಂದರೆ ನನಗೆ ಜೀವ. ಬೋರಿನ ನೀರು ಬೇಸಿಗೆಯಲ್ಲೂ ನಿಂತಿಲ್ಲ, ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಮಗಳ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಎಲ್ಲಕ್ಕಿಂತ ಹೆಚ್ಚಾಗಿ, ನಾಲ್ಕು ಗೋಡೆಯೂ ನೆಟ್ಟಗಿವೆ. ಮೂಲೆಮಟ್ಟ ಹಿಡಿದು ನೋಡಿದ್ದೇನೆ. ಬೆಂಗಳೂರಿನಲ್ಲಿ ನೆಟ್ಟಗಿನ ಗೋಡೆ ಸಿಗುವುದು ಎಷ್ಟು ಕಷ್ಟವೆಂದು ಮನೆ ಹುಡುಕುತ್ತಾ ಗೋಡೆ ಅಳೆದವರಿಗೇ ಗೊತ್ತು.

ಹೀಗಿರುವಾಗ ನಮ್ಮ ಗಿರಾಕಿಯೊಬ್ಬರಿಂದ ದೂರು ಬಂತು. ನಿಮ್ಮ ಅಚ್ಚಿನಲ್ಲಿ ಒತ್ತಿದ ಕೇಸಿನ ಕುತ್ತಿಗೆ ಓರೆಯಾಗುತ್ತಿದೆ ಎಂದು. ನಾನು ಪಾಸು ಮಾಡಿದ ಅಚ್ಚು! ಸಿಟ್ಟು ನೆತ್ತಿಗೇರಿತು. ಭಾನುವಾರ ಕೂತು ಇದನ್ನು ಇತ್ಯರ್ಥ ಮಾಡಿಯೇ ಬಿಡುತ್ತೇನೆಂದು, ಕೈಯಿಂದ ಒತ್ತುವ ಪ್ರೆಸ್ಸು, ಅಚ್ಚು, ಒಂದು ಡಬ್ಬಿ ಖಾಲಿ ಕೇಸು ಎಲ್ಲವನ್ನೂ ಕಾರ್ಖಾನೆಯ ಮಾಲೀಕರನ್ನು ಕೇಳಿಕೊಂಡು ಮನೆಗೆ ತಂದೆ. ಪ್ರೆಸ್ಸನ್ನು ಊಟದ ಮೇಜಿಗೆ ಬಿಗಿದೆ. ಬೆಳಿಗ್ಗೆಯಿಂದ ಒತ್ತಿದ್ದೇ ಒತ್ತಿದ್ದು. ಒಂದೊಂದು ಸಲ ಹಿಡಿ ಎಳೆದಾಗಲೂ ಮೇಜಿನ ಕಾಲು ಎದ್ದು ನೆಲಕ್ಕೆ ದಡ್ ಎಂದು ಕೂರುತ್ತಿತ್ತು. ಆ ನೆಲದ ಕೆಳಗೆ ಗೌರಮ್ಮನವರ ತಲೆ ಇದೆ ಎನ್ನುವುದು ನನ್ನ ಗಮನಕ್ಕೇ ಬರಲಿಲ್ಲ.

ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಹೊಸಿಲಾಚೆ ನಿಂತೇ ಹೇಳಿದರು. “ಏನವ್ವ, ಬೆಳಗಿಂದ ಅದೇನ್ ಕುಟ್ತಾ ಇದೀಯ? ಕೆಳಗೆ ನಮ್ ತಲೆ ಮ್ಯಾಲೆ ಸುಣ್ಣ ಉದುರ್ತಾ ಐತೆ. ಮನೆ ಕೊಟ್ಟಿದ್ದು ಸಂಸಾರಕ್ಕೆ, ಫ್ಯಾಕ್ಟ್ರಿ ಇಡೋಕಲ್ಲ. ಬರೋ ತಿಂಗ್ಳಿಗೆ ಖಾಲಿ ಮಾಡ್ಬುಡಿ.”

ಅಷ್ಟು ಹೇಳಿ ಇಳಿದು ಹೋದರು. ಸುಳ್ಳೇಕೆ ಹೇಳಲಿ, ಅಡುಗೆಮನೆಗೆ ಹೋಗಿ ಆ ನೆಟ್ಟಗಿನ ಗೋಡೆಗೆ ಒರಗಿ ಅತ್ತೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, “ಕುತ್ತಿಗೆ ಒತ್ತಿದ್ದು ಸಾಕು, ಈಗ ಹೋಗಿ ಕಾಲಿಗೆ ಬೀಳು” ಎಂದರು. ಮದುವೆಯಾದ ಇಷ್ಟು ವರ್ಷಕ್ಕೆ ಅವರು ಕೊಟ್ಟ ಮೊದಲ ಉಪಯುಕ್ತ ಸಲಹೆ ಅದು.

ಮುಖ ತೊಳೆದು ಹೊರಟಿದ್ದೆ, ಅಷ್ಟರಲ್ಲಿ ಫೋನು ಬಂತು. ಮಂಜುನಾಥ. ನಮ್ಮ ಟೂಲ್‌ರೂಮಿನಲ್ಲಿ ಅಚ್ಚು ಕೊರೆಯುವವನು, ನನ್ನ ಬೈಗುಳದ ಭಯಕ್ಕೆ ಭಾನುವಾರವೂ ಕಾರ್ಖಾನೆಗೆ ಹೋಗಿ ಇನ್ನೊಂದು ಅಚ್ಚು ಪರೀಕ್ಷಿಸುತ್ತಿದ್ದ. “ಮೇಡಂ, ಎಷ್ಟ್ ಒತ್ತಿದ್ರೂ ಕುತ್ತಿಗೆ ಓರೆನೇ ಬರ್ತಿದೆ. ಏನ್ ಮಾಡ್ಲಿ?” ಎಂದ. ಸಿಗ್ನಲ್ಲಿಗಾಗಿ ತಾರಸಿಗೆ ಹೋದೆ. ಅಲ್ಲಿ ಒಣಹಾಕಿದ ಸೀರೆಗಳ ಸಾಲು. ಸೀರೆಗಳ ಆಚೆ ಗೌರಮ್ಮನವರು ಬಟ್ಟೆ ತೆಗೆಯುತ್ತಿದ್ದುದು ನನಗೆ ಕಾಣಲಿಲ್ಲ.

“ಒಂದೇ ಸಲಕ್ಕೆ ಹಿಸುಕ್ಬೇಡ ಕಣೋ” ಎಂದೆ. “ಮೊದ್ಲು ಕುತ್ತಿಗೆಗೆ ಹದವಾಗಿ ಬಿಸಿ ಕೊಡು. ಬಿಸಿ ಕೊಟ್ರೆ ಮೆತ್ತಗಾಗುತ್ತೆ. ಆಮೇಲೆ ಬೆರಳಲ್ಲಿ ತೆಳ್ಳಗೆ ಎಣ್ಣೆ ಸವರು. ಭುಜಕ್ಕೆ ಜಾಸ್ತಿ ಎಣ್ಣೆ ಹೋದ್ರೆ ಗುಳಿ ಬೀಳುತ್ತೆ, ಹುಷಾರು. ಅರ್ಧ ಒತ್ತು, ಒಂಚೂರು ತಿರುಗ್ಸು, ಮತ್ತೆ ಪೂರ್ತಿ ಒತ್ತು. ಯಾವ ಕುತ್ತಿಗೆ ಆದ್ರೂ ನೆಟ್ಟಗಾಗ್ಲೇಬೇಕು. ನಾನು ಇಷ್ಟ್ ವರ್ಷದಲ್ಲಿ ಎಷ್ಟ್ ಕುತ್ತಿಗೆ ನೋಡಿಲ್ಲ?”

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಗೌರಮ್ಮನವರು ಒಂದು ಕೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು. ತಲೆ ಬಲಕ್ಕೆ ವಾಲಿತ್ತು. ಮಧ್ಯಾಹ್ನ ಸಿಟ್ಟಿನ ಮುಖ ನೋಡುವ ಭರದಲ್ಲಿ ನಾನು ಕುತ್ತಿಗೆಯನ್ನು ಗಮನಿಸಿರಲಿಲ್ಲ. “ಮೊದ್ಲೇ ಏಳ್ಬಾರ್ದಾ ನೀನು?” ಎಂದು ಅವರೇ ನನ್ನನ್ನು ಗದರಿದರು. “ಉಳುಕು ತೆಗೀತೀಯ ಅಂತ ನಂಗೇನ್ ಗೊತ್ತು? ತಾರಸಿ ಮ್ಯಾಲೆ ನೀನ್ ಫೋನಲ್ಲಿ ಏಳ್ತಿದ್ದುದ್ನ ಕೇಳ್ಕಂಡೆ. ಮೂರು ದಿನದಿಂದ ಇಂಗೇ ಐತೆ ಕಣವ್ವ. ಮ್ಯಾಲೆ ದಡ್ ದಡ್ ಅಂತಿದ್ದಿದ್ದು ಯಾರ್ಗೋ ಒತ್ತುತಾ ಇದ್ದಿದ್ದು ಅಂತ ಈಗ ತಿಳೀತು.”

ಆ ಹೊತ್ತಿಗೇ ನಿಜ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಕಣ್ಣು ಗೋಡೆಯ ಮೇಲೆ ಹೋಯಿತು. ಆ ಗೋಡೆಯ ಆಸೆಗೆ ಬಿದ್ದು, “ಬನ್ನಿ, ಕೂತ್ಕೊಳ್ಳಿ” ಎಂದುಬಿಟ್ಟೆ. ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ಅಲುಗಾಡುತ್ತಿತ್ತು.

ಹಿಸುಕುವ ಧೈರ್ಯವಂತೂ ನನಗೆ ಬರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕುತ್ತಿಗೆಗೆ ಸುತ್ತಿದೆ, ಎಣ್ಣೆ ಸವರಿದೆ, ಬೆರಳು ಸುಮ್ಮನೆ ಆಡಿಸಿದೆ. ಅಭ್ಯಾಸಬಲದಿಂದ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಕಣ್ಣಳತೆಯಲ್ಲೇ ನೋಡಿದೆ. ನಮ್ಮ ಟೂಲ್‌ರೂಮಿನಲ್ಲಾದರೆ ಆ ಕುತ್ತಿಗೆ ಗುಜರಿ ಡಬ್ಬಿಗೆ ಹೋಗುವಂಥದ್ದು. ಆಮೇಲೆ ಏನು ಮಾಡುವುದೆಂದು ತೋಚದೆ, ದಿಂಬಿಲ್ಲದೆ ಚಾಪೆಯ ಮೇಲೆ ಮಲಗಿಸಿದೆ. ಅವರು ನಿದ್ದೆ ಹೋದರು. ಕೆಳಗೆ ತಮ್ಮ ಮನೆಯಲ್ಲಿ ಎರಡು ದಿಂಬು ಪೇರಿಸಿಕೊಂಡು, ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಾ ಮಲಗುವ ಹೆಂಗಸು ಅಂದು ಮೊದಲ ಬಾರಿ ಸಪಾಟಾಗಿ ಮಲಗಿದ್ದರು. ಒಂದು ಗಂಟೆಯ ಮೇಲೆ ಎದ್ದು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೊನೆಗೆ ನನ್ನನ್ನು ನೋಡಿ, “ಕೈಗುಣ ಚೆನ್ನಾಗೈತೆ ಕಣವ್ವ” ಎಂದರು. ಖಾಲಿ ಮಾಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಮಾರನೆಯ ದಿನದಿಂದ ನಮ್ಮ ಮೆಟ್ಟಿಲು ಸವೆಯತೊಡಗಿತು. ಗೌರಮ್ಮನವರ ನಾದಿನಿ ಬಂದರು, ನಾದಿನಿಯ ಬೀಗಿತ್ತಿ ಬಂದರು. ದಿನವಿಡೀ ಸೂಜಿಯ ಮೇಲೆ ಬಗ್ಗಿ ಕುತ್ತಿಗೆ ಹಿಡಿಸಿಕೊಂಡ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಶಿಫ್ಟು ಮುಗಿಸಿ ನೇರ ನಮ್ಮ ಮನೆಗೇ ಬರತೊಡಗಿದರು. ಅತ್ತ ಅಚ್ಚಿನ ಬಾಯಲ್ಲೇ ಓರೆ ಇದ್ದದ್ದು ಗೊತ್ತಾಗಿ, ಮಂಜುನಾಥ ಸರಿಪಡಿಸಿ ಕಳಿಸಿಯೂ ಆಯಿತು. ಇತ್ತ ನಾನು ಹಗಲು ಹಿತ್ತಾಳೆಯ ಕುತ್ತಿಗೆ, ಸಂಜೆ ಮನುಷ್ಯರ ಕುತ್ತಿಗೆ ನೋಡುತ್ತಾ ಸೊರಗಿದೆ. ಪ್ರತಿಯೊಬ್ಬರಿಗೂ ಅದೇ ಟವೆಲು, ಅದೇ ಎಣ್ಣೆ, ಅದೇ ಚಾಪೆ. ಯಜಮಾನರು ಬಾಗಿಲಲ್ಲಿ ಚಪ್ಪಲಿ ಜೋಡಿಸುವ ಕೆಲಸಕ್ಕೆ ಬಂದಿದ್ದರು.

ಒಂದು ಸಂಜೆ ಯಾರೋ ವಯಸ್ಸಾದ ಅಜ್ಜಿಯೊಬ್ಬರನ್ನು ಕರೆತಂದರು. ಕುತ್ತಿಗೆ ಮುಟ್ಟುವ ಮುಂಚೆ ಅಜ್ಜಿ, “ಎಡಗೈ ಜೋಮು ಹಿಡಿದಂಗಾಯ್ತದೆ ಕಣ್ ಮಗ, ಬೆರ್ಳೇ ಆಡಾಕಿಲ್ಲ” ಎಂದಿತು. ಹಿತ್ತಾಳೆಯದು ಸೀಳಿದರೆ ಇನ್ನೊಂದು ತೆಗೆದುಕೊಳ್ಳಬಹುದು, ಈ ಅಜ್ಜಿಯ ಕುತ್ತಿಗೆಗೆ ಬದಲಿ ಎಲ್ಲಿದೆ? ಎಣ್ಣೆ ಬಟ್ಟಲನ್ನು ಕೆಳಗಿಟ್ಟು, ಯಜಮಾನರಿಗೆ ಆಟೋ ಕರೆಯಲು ಹೇಳಿ, ಅಜ್ಜಿಯನ್ನು ಆಗಲೇ ಆಸ್ಪತ್ರೆಗೆ ಕಳಿಸಿದೆ. ನರ ಒತ್ತಿಕೊಂಡಿತ್ತಂತೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ. ಅದು ತಿಳಿದ ಮೇಲೆ ಮನೆ ಹೋದರೆ ಹೋಗಲಿ ಎಂದು ನಿರ್ಧರಿಸಿ ಕೆಳಗಿಳಿದೆ.

ಗೌರಮ್ಮನವರು ಅವರೆಕಾಯಿ ಬಿಡಿಸುತ್ತಿದ್ದರು. “ಗೌರಮ್ಮ, ನಾನು ಉಳುಕು ತೆಗೆಯೋಳಲ್ಲ” ಎಂದು ಒಂದೇ ಉಸಿರಿಗೆ ಹೇಳಿದೆ. “ನಂಗೆ ಅದ್ಯಾವ್ದೂ ಬರಲ್ಲ. ಅವತ್ತು ತಾರಸಿ ಮೇಲೆ ಫೋನಲ್ಲಿ ಮಾತಾಡ್ತಿದ್ದಿದ್ದು ಕೇಸಿನ ವಿಷಯ.”

ಅವರ ಕೈ ನಿಂತಿತು. “ಕೇಸಾ? ಯಾವ್ ಕೇಸು?”

“ಬಂದೂಕಿನ ಗುಂಡು ಬರುತ್ತಲ್ಲ, ಆ ಕೇಸು.”

ಅವರು ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದು, ನನ್ನ ಪಕ್ಕದಲ್ಲೇ ಕೂತರು. ದನಿ ತಗ್ಗಿಸಿ, “ಎಷ್ಟ್ ವರ್ಸದಿಂದ ಐತೆ?” ಎಂದರು.

“ಮದ್ವೆಗೆ ಮುಂಚಿಂದ.”

“ಒಂದೇನಾ?”

“ಒಂದಾ ಎರಡಾ ಗೌರಮ್ಮ, ಲೆಕ್ಕ ಇಟ್ಟೋರ್ಯಾರು?”

“ನಿಮ್ಮೆಜಮಾನ್ರಿಗೆ ಗೊತ್ತಾ?”

“ಗೊತ್ತು. ಇದನ್ನೆಲ್ಲ ಮನೆತನಕ ತರ್ಬೇಡ ಅಂತ ಬಡ್ಕೊಂಡ್ರು, ನಾನೇ ಕೇಳ್ಲಿಲ್ಲ.”

ಗೌರಮ್ಮನವರ ಕಣ್ಣಲ್ಲಿ ನೀರು ತುಂಬಿತು. ನನ್ನ ಕೈಯನ್ನು ಅವರೆಕಾಯಿ ಸಮೇತ ಹಿಡಿದುಕೊಂಡರು. “ಅಳ್ಬ್ಯಾಡ ಕಣವ್ವ. ಯಾರ್ ಮ್ಯಾಲಿಲ್ಲ ಕೇಸು? ಕೆರೆ ಪಕ್ಕದ ಜಮೀನಿಂದು ನಮ್ಮೇಲೂ ಅವೆ, ನಮ್ ಮಾವನ್ ಕಾಲದಿಂದ ನಡೀತಾ ಅವೆ. ಇಂಥಾ ಟೈಮಲ್ಲಿ ನಿಮ್ಮುನ್ನ ಬೀದಿಗೆ ಆಕಿದ್ರೆ ನಂಗೆ ಒಳ್ಳೇದಾಯ್ತದಾ? ನಿನ್ ಕೇಸು ಮುಗಿಯೋಗಂಟ ಈ ಮನೆ ಬಿಡ್ಬ್ಯಾಡ. ಬಾಡ್ಗೆನೂ ಏರ್ಸಾಕಿಲ್ಲ.”

ಅಲ್ಲಮ್ಮಾ, ಅದು ಆ ಕೇಸಲ್ಲ ಎನ್ನಲು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಅವರು ಒಂದು ಹಿಡಿ ಅವರೆಕಾಳು ನನ್ನ ಸೆರಗಿಗೆ ಹಾಕಿದರು, ನಾನು ಬಾಯಿ ಮುಚ್ಚಿಕೊಂಡು ಮೇಲೆ ಬಂದೆ.

ಅಂದಿನಿಂದ ಕುತ್ತಿಗೆಯ ಗಿರಾಕಿಗಳು ನಿಂತುಹೋದರು. “ಪಾಪ, ಅವ್ಳಿಗೆ ಕೇಸಿನ ಟೆನ್ಸನ್ನು, ಯಾರೂ ಒತ್ತುಸ್ಕಬ್ಯಾಡಿ, ಡಾಕ್ಟ್ರ ತಾವ ಓಗಿ” ಎಂದು ಗೌರಮ್ಮನವರೇ ಗೇಟಿನಲ್ಲಿ ತಡೆದು ಕಳಿಸುತ್ತಾರೆ. ಬೀದಿಯವರು ನನ್ನನ್ನು ಕಂಡರೆ ಈಗ ಸ್ವಲ್ಪ ಸರಿದು ದಾರಿ ಬಿಡುತ್ತಾರೆ. ತರಕಾರಿಯವನು ತೂಕದಲ್ಲಿ ಮೋಸ ಮಾಡುವುದನ್ನು ನಿಲ್ಲಿಸಿದ್ದಾನೆ. ಯಜಮಾನರಿಗಂತೂ ಎಲ್ಲೆಡೆ ಅನುಕಂಪ.

ಮೊನ್ನೆ ಕಾರ್ಖಾನೆಯಿಂದ ಬರುವಾಗ ತಲೆಯ ತುಂಬ ಕೆಲಸವಿತ್ತು. ಹೊಸ ಅಚ್ಚಿನ ಪರೀಕ್ಷೆಯಲ್ಲಿ ಮೈಯ ಅಳತೆ ಮುಗಿದು, ಭುಜ ಮುಗಿದು, ಕೊನೆಯ ಹಂತ ಮಾತ್ರ ಉಳಿದಿತ್ತು. ಅದನ್ನೇ ಯೋಚಿಸುತ್ತಾ ಮೆಟ್ಟಿಲು ಹತ್ತುತ್ತಿದ್ದಾಗ ಗೌರಮ್ಮನವರು ಕೆಳಗಿನಿಂದ ಕೇಳಿದರು, “ಕೇಸು ಎಲ್ಲಿಗ್ ಬಂತವ್ವ?”

“ಕುತ್ತಿಗೆಗೆ ಬಂದಿದೆ ಗೌರಮ್ಮ” ಎಂದುಬಿಟ್ಟೆ.

ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತರು. ಈಗ ಪ್ರತಿ ಸೋಮವಾರ ನನ್ನ ಹೆಸರು ಹೇಳಿ, ಕೇಸು ಬೇಗ ಮುಗಿಯಲಪ್ಪ ಎಂದು ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ ಪ್ರಸಾದ ತಂದುಕೊಡುತ್ತಾರೆ. ನಾನು ಅದನ್ನು ಕಣ್ಣಿಗೊತ್ತಿಕೊಂಡು, ಮೇಲಿನ ಮನೆಯಲ್ಲಿ, ನೆಟ್ಟಗಿನ ಗೋಡೆಯ ಮುಂದೆ ನಿಂತು, ಮುಗಿಯದೇ ಇರಲಪ್ಪ ಎಂದು ಅದೇ ದೇವರಿಗೆ ಕೈಮುಗಿಯುತ್ತೇನೆ.